ಎಲೆಯ ಮುಂದಿನ ಕುರ್ಚಿ

"ಮೈಲ್ಡ್" ಎಂಬ ಮಾತನ್ನು ಯಾರಾದರೂ ನನ್ನೆದುರು ಆಡಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಕಾಫಿಗೆ ಅನ್ನಲಿ, ಜ್ವರಕ್ಕೆ ಅನ್ನಲಿ, ಸೋಪಿಗೆ ಅನ್ನಲಿ. ನಮ್ಮ ಹೋಟೆಲಿನ ಮಾಣಿಗಳಿಗೂ ಇದು ಗೊತ್ತು. ಗಲ್ಲಾದಲ್ಲಿ ನಾನು ಕೂತಿರುವಾಗ ಅವರು "ಲೈಟ್ ಕಾಫಿ" ಎಂದೇ ಕೂಗುತ್ತಾರೆ.

ಆ ಮಾತನ್ನು ನಾನು ಮೊದಲು ಕೇಳಿದ್ದು ಸೂರತ್ತಿನ ಒಬ್ಬ ರಕ್ತದ ಡಾಕ್ಟರ ಕೋಣೆಯಲ್ಲಿ. ಮಗಳಿಗೆ ಆಗ ಆರು ವರ್ಷ. ಚಳಿಗಾಲದ ಒಂದು ಬೆಳಿಗ್ಗೆ ಕಾಲಿನ ಮೂಳೆಯ ಒಳಗೆ ನೋವು ಎಂದು ಅಳಲು ಶುರು ಮಾಡಿದವಳು ಏನು ಕೊಟ್ಟರೂ ನಿಲ್ಲಿಸಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ವರದಿ ಬಂದಾಗ ಡಾಕ್ಟರು ಅದನ್ನು ಓದಿ, ಕನ್ನಡಕ ತೆಗೆದು, ಇಲ್ಲಿನ ರೂಢಿಯಂತೆ ನನ್ನನ್ನು ಬೆನ್, ಅಂದರೆ ಅಕ್ಕ, ಎಂದು ಕರೆದು ನಗುತ್ತಲೇ ಹೇಳಿದರು: "ಬೆನ್, ನಿಮ್ಮ ಮಗಳಿಗೆ ಸಿಕಲ್ ಸೆಲ್ ಇದೆ. ಆದರೆ ಹೆದರಬೇಡಿ. ಇವಳದು ಮೈಲ್ಡ್."

ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮುಂದಕ್ಕೆ ರಕ್ತ ಹರಿಯದಂತೆ ಮಾಡುವ ಕಾಯಿಲೆ ಅದು. ರಕ್ತ ತಲುಪದ ಜಾಗ ನೋಯುತ್ತದೆ. ತುಂಬಾ ಹೊತ್ತು ತಲುಪದಿದ್ದರೆ ಸಾಯುತ್ತದೆ. ಇಷ್ಟು ಮಾತ್ರ ಆವತ್ತು ನನಗೆ ಅರ್ಥವಾಯಿತು. ಇದರಲ್ಲಿ ಮೈಲ್ಡ್ ಎಲ್ಲಿಂದ ಬಂತೆಂದು ಅರ್ಥವಾಗಲಿಲ್ಲ, ಕೇಳುವ ಧೈರ್ಯವೂ ಆಗ ಇರಲಿಲ್ಲ.

ಅದು ನಮ್ಮ ಮನೆಗೆ ಬಂದ ದಾರಿಯನ್ನು ಹೇಳಿಬಿಡುತ್ತೇನೆ.

ನಮ್ಮದು ಹೋಟೆಲಿನ ಮನೆತನ. ಅಪ್ಪಯ್ಯ ಉಡುಪಿ ಕಡೆಯಿಂದ ಬಂದು ಸೂರತ್ತಿನ ಕತಾರ್‌ಗಾಮಿನಲ್ಲಿ ದೋಸೆಕಲ್ಲು ಹೂಡಿದವರು. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಅಲ್ಲಿನ ಕೆಲಸಗಾರರು ಮಧ್ಯಾಹ್ನ ಒಮ್ಮೆಗೇ ನುಗ್ಗುತ್ತಾರೆ, ಸಾಂಬಾರಿಗೆ ಇನ್ನಷ್ಟು ಬೆಲ್ಲ ಹಾಕಿ ಅನ್ನುತ್ತಾರೆ, ಅಪ್ಪಯ್ಯ ಮುಖ ಸಿಂಡರಿಸಿಕೊಂಡೇ ಹಾಕಿಸುತ್ತಾರೆ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ಅಮ್ಮ ಬಿಳಿಚಿಕೊಂಡಿದ್ದವರು, ನಾನೂ ಹಾಗೆಯೇ. "ನಮ್ಮ ಮನೆಯ ಹೆಂಗಸರಿಗೆ ರಕ್ತ ಕಮ್ಮಿ" ಎನ್ನುವುದು ನಮ್ಮಲ್ಲಿ ಒಂದು ಕುಲಾಚಾರದ ಹಾಗೆ. ಅದಕ್ಕೆ ಬಸಳೆ, ಬೀಟ್ರೂಟ್, ಖರ್ಜೂರ, ಮತ್ತೆ ಕಬ್ಬಿಣದ ಟಾನಿಕ್ಕು. ನಾನು ಕುಡಿದ ಟಾನಿಕ್ಕಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರೆ ತಾಪಿ ನದಿಯ ಸೇತುವೆ ದಾಟುತ್ತಿತ್ತು. ಹಲ್ಲು ಕಪ್ಪಾಯಿತೇ ಹೊರತು ರಕ್ತ ಏರಲಿಲ್ಲ. ಯಾಕೆ ಏರುವುದಿಲ್ಲ ಎಂದು ಒಬ್ಬ ಡಾಕ್ಟರೂ ಕೇಳಲಿಲ್ಲ. ಹೆಂಗಸು, ರಕ್ತ ಕಮ್ಮಿ, ಟಾನಿಕ್ಕು, ಮುಂದಿನವರು ಬನ್ನಿ.

ನನ್ನ ಗಂಡ ನಮ್ಮ ಹೋಟೆಲಿಗೆ ದಿನಾ ಇಡ್ಲಿಗೆ ಬರುತ್ತಿದ್ದ ಬ್ಯಾಂಕಿನವರು. ಊರು ತಾಪಿ ಜಿಲ್ಲೆಯ ಒಳಗಿನ ಒಂದು ಆದಿವಾಸಿ ಹಳ್ಳಿ. ಅವರ ಕಡೆ ಮದುವೆಯ ಮಾತು ಶುರುವಾಗುವುದು ಒಂದು ಕಾರ್ಡಿನಿಂದ. ಸಿಕಲ್ ಪರೀಕ್ಷೆ ಮಾಡಿದವರಿಗೆಲ್ಲ ಒಂದು ಕಾರ್ಡು ಕೊಟ್ಟಿರುತ್ತಾರೆ. ಕಾಯಿಲೆಯ ಗುಣ ಇಲ್ಲದವರಿಗೆ ಬಿಳಿ, ತಂದೆ ಅಥವಾ ತಾಯಿ ಒಬ್ಬರಿಂದ ಬಂದು ಬರೀ ಹೊತ್ತುಕೊಂಡಿರುವವರಿಗೆ ಅರ್ಧ ಹಳದಿ. ಹುಡುಗನದೂ ಹುಡುಗಿಯದೂ ಅರ್ಧ ಹಳದಿಯಾದರೆ ಎರಡೂ ಕಡೆಯವರು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಬರುತ್ತಾರೆ. ಯಾರಿಗೂ ಅವಮಾನವಿಲ್ಲ, ಯಾರೂ ಯಾರ ಕುಲವನ್ನೂ ಬೈಯುವುದಿಲ್ಲ. ನಾವು ಜಾತಕ ಹಿಡಿದುಕೊಂಡು ಶನಿ ಎಲ್ಲಿ, ಕುಜ ಎಲ್ಲಿ ಎಂದು ಹುಡುಕುವಾಗ ಅವರು ರಕ್ತ ನೋಡುತ್ತಾರೆ. ನಮ್ಮವರು ಅವರನ್ನು ಹಿಂದುಳಿದವರು ಅನ್ನುತ್ತಾರೆ.

ಇವರು ನನ್ನನ್ನು ಕೇಳಲು ಬಂದ ದಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಅಪ್ಪಯ್ಯನ ಎದುರಿಗೆ ತಮ್ಮ ಕಾರ್ಡು ಇಟ್ಟರು. "ನನ್ನದು ಅರ್ಧ. ಇವರೂ ಒಂದು ಸಲ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು" ಎಂದರು. ಅಪ್ಪಯ್ಯನ ಕಿವಿ ಕೆಂಪಾಯಿತು.

"ನಮ್ಮ ಹುಡುಗಿ ರಕ್ತ ತೋರಿಸ್ಬೇಕಾ? ಅದೆಲ್ಲ ನಿಮ್ಮ ಕಡೆಯ ಕಾಯಿಲೆ. ನಮ್ಮಲ್ಲಿ ಅಂಥದ್ದು ಎಂಥದ್ದೂ ಇಲ್ಲ. ನಮ್ಮದು ಶುದ್ಧ ರಕ್ತ."

ಅಪ್ಪಯ್ಯನ ಮಾತು ಮೀರಿ ನಾನು ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಲ್ಯಾಬಿನವರು ಒಂದು ನಳಿಕೆಗೆ ನನ್ನ ರಕ್ತದ ಹನಿ ಬಿಟ್ಟು, ಬೆಳಕಿಗೆ ಹಿಡಿದು, "ನೋಡಿ, ತಿಳಿಯಾಗೇ ಇದೆ, ಸಿಕಲ್ ಇಲ್ಲ" ಎಂದರು. ಅಪ್ಪಯ್ಯ ಆವತ್ತು ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದರು: "ನಾನು ಹೇಳಿದ್ದು ಎಂಥ? ನೋಡಿದ್ರಾ?" ಆ ಸಮಾಧಾನದಲ್ಲೇ ಮದುವೆಗೂ ಒಪ್ಪಿದರು.

ಆ ಪರೀಕ್ಷೆ ನೋಡುವುದು ಸಿಕಲ್ ಒಂದನ್ನೇ. ಥಲಸ್ಸೀಮಿಯಾ ಎಂಬ ಇನ್ನೊಂದು ಗುಣ ಇದೆ; ಒಂಟಿಯಾಗಿದ್ದರೆ ಸುಮ್ಮನೆ ಸ್ವಲ್ಪ ಬಿಳಿಚಿಕೊಳ್ಳುವಂತೆ ಮಾಡಿ ಬಿಟ್ಟುಬಿಡುತ್ತದೆ, ಸಿಕಲ್ ಜೊತೆ ಸೇರಿದರೆ ಮಗುವಿಗೆ ಸಿಕಲ್ ಕಾಯಿಲೆಯನ್ನೇ ತರುತ್ತದೆ. ಅದನ್ನು ಆ ನಳಿಕೆ ಕಾಣುವುದಿಲ್ಲ. ನಾನು ಉಡುಪಿ ಹೋಟೆಲಿನ ಮಗಳು, ನನಗೆ ಅದರ ಪರೀಕ್ಷೆ ಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ. ಬಸುರಿಯಾಗಿದ್ದಾಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ನನ್ನ ಅಡ್ಡಹೆಸರು ಓದಿ, "ಸೌತ್‌ನವರಾ? ಹಾಗಾದರೆ ಬೇಡ" ಎಂದು ಪರೀಕ್ಷೆಗಳ ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೀಟು ಎಳೆದರು. ಅಡ್ಡಹೆಸರು ನೋಡಿ ರಕ್ತ ಹೇಳುವುದಾದರೆ ಲ್ಯಾಬು ಯಾಕೆ ಬೇಕು? ಜ್ಯೋತಿಷಿಯನ್ನೇ ಕೂರಿಸಬಹುದಿತ್ತು.

ಹೀಗೆ ಅರ್ಧ ಇವರಿಂದ, ಅರ್ಧ ನನ್ನಿಂದ ಬಂದು ಮಗಳಲ್ಲಿ ಪೂರ್ತಿಯಾಯಿತು. ಆಸ್ಪತ್ರೆಯಿಂದ ಬಂದು ಅಪ್ಪಯ್ಯನಿಗೆ ಹೇಳಿದರೆ ಅವರು ಕೇಳಿದ್ದು ಮೊದಲ ಅರ್ಧವನ್ನು ಮಾತ್ರ.

"ನಾನು ಆಗಲೇ ಹೇಳಿದ್ದೆ. ಅವರ ಕಡೆಯದ್ದು."

"ಅಪ್ಪಯ್ಯ, ಇನ್ನರ್ಧ ನನ್ನಿಂದ ಬಂದದ್ದು. ವರದಿಯಲ್ಲಿ ಉಂಟು."

"ಲ್ಯಾಬಿನವರು ಎಂತೆಂಥದ್ದೋ ಬರೀತಾರೆ ಮಾರಾಯ್ತಿ. ನಿಂಗೆ ಸಣ್ಣದಿರುವಾಗಿಂದ ರಕ್ತ ಕಮ್ಮಿ, ಅದನ್ನೇ ನೋಡಿ ಬರ್ದಿರ್ತಾರೆ."

ಹಬ್ಬಕ್ಕೆ ಬಾಳೆಲೆ ಬರುತ್ತಿದ್ದುದು ಇವರ ಊರಿನ ತೋಟದಿಂದ. ಆ ಎಲೆಯನ್ನು ಅಪ್ಪಯ್ಯ ಸವರಿ, ತೊಳೆದು, ದೇವರ ಮುಂದೆ ಇಡುತ್ತಿದ್ದರು. ಎಲೆ ಆಗಬಹುದು, ರಕ್ತ ಆಗದು.

ಇನ್ನು ಆ ಮೈಲ್ಡಿನ ಕತೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ, ಅದೇ ಸಿಟ್ಟು ಬರಿಸುವುದು. ಗರ್ಭದಲ್ಲಿರುವ ಮಗುವಿನ ರಕ್ತದಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದಂತೆ, ಹುಟ್ಟಿದ ಮೇಲೆ ಅದು ಕಮ್ಮಿಯಾಗುತ್ತಾ ಹೋಗುತ್ತದಂತೆ. ಈ ಕಡೆಯ ಆದಿವಾಸಿಗಳಲ್ಲಿರುವ ಸಿಕಲ್ ಜೊತೆಗೆ ಅದು ದೊಡ್ಡವರಾದ ಮೇಲೂ ಸಾಕಷ್ಟು ಉಳಿದುಕೊಳ್ಳುತ್ತದೆ, ಕಣಗಳು ಬಾಗದಂತೆ ತಡೆಯುತ್ತದೆ. ನನ್ನ ಮಗಳಲ್ಲೂ ಅದು ಉಳಿದಿತ್ತು. ರಕ್ತವೂ ಎಂದೂ ಹತ್ತಕ್ಕಿಂತ ಕೆಳಗೆ ಇಳಿದದ್ದಿಲ್ಲ. ರಕ್ತ ಕೊಡಿಸಬೇಕಾಗಿ ಬರಲಿಲ್ಲ. "ಅದೃಷ್ಟವಂತೆ" ಎನ್ನುತ್ತಿದ್ದರು ಡಾಕ್ಟರು. ಪ್ರತಿ ಸಲವೂ ವರದಿ ನೋಡುತ್ತಿದ್ದರು, ಗುಲ್ಮ ದೊಡ್ಡದಾಗಿದೆಯೇ ಎಂದು ಹೊಟ್ಟೆ ಒತ್ತುತ್ತಿದ್ದರು, ಫೋಲಿಕ್ ಆಸಿಡ್ ಬರೆಯುತ್ತಿದ್ದರು, ಕಳಿಸುತ್ತಿದ್ದರು.

ಮೈಲ್ಡ್ ಎಂಬುದು ನೋವನ್ನು ಕಮ್ಮಿ ಮಾಡಲಿಲ್ಲ; ನೋವನ್ನು ನಂಬುವವರನ್ನು ಕಮ್ಮಿ ಮಾಡಿತು. ಶಾಲೆಯಲ್ಲಿ ನೀರಿನ ಬಾಟಲಿ ತರಗತಿಯೊಳಗೆ ಇಟ್ಟುಕೊಳ್ಳಲು ಬಿಡಿ ಎಂದರೆ, "ಮೈಲ್ಡ್ ತಾನೇ? ಡಾಕ್ಟರ ಚೀಟಿಯಲ್ಲೇ ಇದೆಯಲ್ಲ" ಎಂದರು. ಬಿಸಿಲಲ್ಲಿ ಓಡಿಸಬೇಡಿ ಎಂದರೆ ಅದೇ ಉತ್ತರ. ಮಗಳು ನೋವೆಂದು ಎರಡು ದಿನ ಮಲಗಿದರೆ ಪಕ್ಕದ ಮನೆಯವರು "ಪರೀಕ್ಷೆ ಹತ್ತಿರ ಬಂತಾ?" ಎಂದು ನಗುತ್ತಿದ್ದರು. ನೆಂಟರು ಬಂದಾಗ ಅಪ್ಪಯ್ಯನೂ ಅದನ್ನೇ ಹೇಳುತ್ತಿದ್ದರು, "ಅವಳಿಗೆ ಎಂಥದ್ದೂ ಇಲ್ಲ, ಮೈಲ್ಡ್ ಅಂತ ಡಾಕ್ಟರೇ ಹೇಳಿದ್ದಾರೆ" ಎಂದು, ನಮ್ಮ ಕಡೆಯ ಒಳ್ಳೆಯ ರಕ್ತ ಸೇರಿದ್ದರಿಂದಲೇ ಹೀಗಾಯಿತು ಎಂಬ ಧಾಟಿಯಲ್ಲಿ.

ಮಗಳಿಗೆ ಹದಿನೈದು ತುಂಬಿದ ವರ್ಷದ ಚೌತಿ. ಹಬ್ಬದ ದಿನ ನಮ್ಮಲ್ಲಿ ನೆಲದ ಮೇಲೆ ಚಾಪೆ ಹಾಸಿ, ಎಲೆ ಹಾಕಿ, ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತೇವೆ. ಸೂರತ್ತಿನ ಮೂರನೇ ಮಹಡಿಯ ಮನೆಯಲ್ಲೂ ಅಪ್ಪಯ್ಯ ಅದನ್ನು ಬಿಟ್ಟವರಲ್ಲ. ಕೋಸಂಬರಿ, ಪತ್ರೊಡೆ, ಕಡುಬು ಎಲ್ಲ ಬಡಿಸಿ ಆಗಿತ್ತು. ಮಗಳು ಎಲೆಯ ಮುಂದೆ ನಿಂತೇ ಇದ್ದಳು.

"ಮಮ್ಮಿ, ನಂಗೆ ನೀಚೆ ಕೂತ್ಕೊಳ್ಳೋಕೆ ಆಗ್ತಾ ಇಲ್ಲ. ಕುರ್ಚಿ ಕೊಡು."

ಅಪ್ಪಯ್ಯ ಕೈಯಲ್ಲಿದ್ದ ನೀರನ್ನು ಎಲೆಯ ಸುತ್ತ ಬಿಡುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಎಲೆಯ ಮುಂದೆ ಕುರ್ಚಿಯಾ? ಎಂಥ ಹೇಳುದು ನೀನು? ನಮ್ಮ ಮನೆಯಲ್ಲಿ ಹಬ್ಬದ ದಿನ ಮೇಲೆ ಕೂತು ಉಂಡವರಿಲ್ಲ. ನಂಗೆ ಎಪ್ಪತ್ತು ದಾಟಿತು, ನಾನೇ ಕೂತಿದ್ದೇನೆ. ಕೂತ್ಕೋ."

ಇಡೀ ಕತಾರ್‌ಗಾಮನ್ನು ಕುರ್ಚಿಯಲ್ಲಿ ಕೂರಿಸಿ ಬಡಿಸಿ ದೊಡ್ಡವರಾದ ಮನುಷ್ಯ ಹೇಳಿದ ಮಾತು ಇದು. ಅವಳು ಗೋಡೆ ಹಿಡಿದುಕೊಂಡು ಕೂತಳು. ಎಡಗಾಲು ಮಡಚಿತು. ಬಲಗಾಲಿನ ಮೊಣಕಾಲು ನೆಲಕ್ಕೆ ಬರಲೇ ಇಲ್ಲ, ಮೇಲೆಯೇ ನಿಂತುಬಿಟ್ಟಿತು. ಕೈಯಿಂದ ಒತ್ತಿದಳು. ತೊಡೆಸಂದನ್ನು ಹಿಡಿದುಕೊಂಡು ತುಟಿ ಕಚ್ಚಿದಳು, ಕಣ್ಣಲ್ಲಿ ನೀರು ತುಂಬಿತು, ತಾವು ಬೈದದ್ದಕ್ಕೆ ಅಳುತ್ತಿದ್ದಾಳೆಂದು ಅಪ್ಪಯ್ಯ ಅಂದುಕೊಂಡರು. ನಾನು ಎದ್ದು ಅವಳನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಿ, ಎಲೆಯನ್ನು ಸ್ಟೂಲಿನ ಮೇಲೆ ಇಟ್ಟೆ. ಅಪ್ಪಯ್ಯ ಪಾಯಸ ಮುಟ್ಟದೆ ಕೈ ತೊಳೆದರು. ತೊಳೆಯಲಿ ಎಂದುಕೊಂಡೆ.

ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇ ತೆಗೆಸಿದರು. "ನಾರ್ಮಲ್. ಬೆಳೆಯುವ ವಯಸ್ಸು ಬೆನ್. ಗರಬಾ ಪ್ರ್ಯಾಕ್ಟೀಸ್ ಶುರುವಾಗಿರಬೇಕು, ಅಲ್ವಾ?" ಅವಳು ಆ ವರ್ಷ ಗರಬಾ ಆಡಲು ಹೋಗಿರಲೇ ಇಲ್ಲ. ಹೇಳಿದೆ. "ಹಾಗಾದರೆ ವ್ಯಾಯಾಮ ಸಾಲದು" ಎಂದರು. ಆಡಿದರೆ ಆಡಿದ್ದಕ್ಕೆ ನೋವು, ಆಡದಿದ್ದರೆ ಆಡದ್ದಕ್ಕೆ. ನೋವಿನ ಮಾತ್ರೆ ಬರೆದರು. ಚಳಿಗಾಲ ಬಂತು. ಮಗಳು ಮೆಟ್ಟಿಲನ್ನು ಅಡ್ಡವಾಗಿ ಇಳಿಯತೊಡಗಿದಳು. ಇನ್ನೊಮ್ಮೆ ಹೋದೆವು. ಈ ಸಲ ಎಕ್ಸ್‌ರೇ ಕೂಡ ಬೇಡವೆಂದರು. ಎಂಆರ್‌ಐ ಮಾಡಿಸೋಣವೇ ಎಂದು ಇವರು ಮೆಲ್ಲಗೆ ಕೇಳಿದರು. ನನ್ನ ಗಂಡ ಯಾವುದನ್ನೂ ಮೆಲ್ಲಗೆ ಕೇಳುವವರು, ಅದಕ್ಕೂ ನನಗೆ ಸಿಟ್ಟು. ಡಾಕ್ಟರು ನಕ್ಕರು. "ಇವಳ ರಿಪೋರ್ಟ್ ನನಗಿಂತ ಚೆನ್ನಾಗಿದೆ. ಮೈಲ್ಡ್ ಪೇಷಂಟ್‌ಗಳಿಗೆ ಇದೆಲ್ಲ ಆಗುವುದಿಲ್ಲ."

ಮನೆಗೆ ಬಂದು ಯೋಚಿಸಿದೆ. ಇಷ್ಟು ವರ್ಷಗಳಲ್ಲಿ ಈ ಮನುಷ್ಯ ನನ್ನ ಮಗಳನ್ನು ನೋಡಿದ್ದು ಎರಡೇ ಸ್ಥಿತಿಯಲ್ಲಿ: ಕುರ್ಚಿಯ ಮೇಲೆ ಕೂತಂತೆ, ಹೊಟ್ಟೆ ಒತ್ತಲು ಮಂಚದ ಮೇಲೆ ಮಲಗಿದಂತೆ. ನೆಲದ ಮೇಲೆ ಕೂರುವುದನ್ನು ನೋಡಿಯೇ ಇಲ್ಲ. ಅವರ ಕೋಣೆಯಲ್ಲಿ ನೆಲದ ಮೇಲೆ ಯಾರು ಕೂರುತ್ತಾರೆ?

ಮುಂದಿನ ವಾರ ಹಬ್ಬದ ಊಟಕ್ಕೆ ಹಾಸುವ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದೆ. ಕಾಯುವ ಜಾಗದಲ್ಲಿ ಎಲ್ಲರೂ ನೋಡಿದರು. ಮಗಳು ನಾಚಿಕೊಂಡು "ಮಮ್ಮಿ, ಪ್ಲೀಸ್" ಎಂದಳು. ಸರದಿ ಬಂದಾಗ ಒಳಗೆ ಹೋಗಿ, ಡಾಕ್ಟರ ಮೇಜಿನ ಪಕ್ಕದ ಖಾಲಿ ಜಾಗದಲ್ಲಿ ಚಾಪೆ ಬಿಡಿಸಿದೆ.

"ಬೆನ್, ಇದೇನು?"

"ನಮ್ಮ ಊಟದ ಚಾಪೆ ಸಾಹೇಬರೇ. ಇವಳು ಇದರ ಮೇಲೆ ಕೂರುತ್ತಾಳೆ. ನೀವು ವರದಿ ಆಚೆ ಇಟ್ಟು ಸ್ವಲ್ಪ ಇವಳನ್ನು ನೋಡಿ."

"ಹೊರಗೆ ಇನ್ನೂ ಜನ ಕಾಯುತ್ತಿದ್ದಾರೆ..."

"ಇವಳೂ ಕಾಯುತ್ತಿದ್ದಾಳೆ, ಚೌತಿಯಿಂದ" ಎಂದೆ. ನನ್ನ ದನಿ ಹೊರಗಿನ ತನಕ ಕೇಳಿಸಿತಂತೆ. ನರ್ಸು ಬಾಗಿಲು ತೆರೆದು ನೋಡಿ ಹೋದಳು. ಮಗಳಿಗೆ ಹೇಳಿದೆ: "ಎಲೆಗೆ ಕೂರುವ ಹಾಗೆ ಕೂತ್ಕೋ ಮಗಾ." ಅವಳು ಮೇಜಿನ ಅಂಚು ಹಿಡಿದು ಇಳಿದಳು. ಅರ್ಧದಲ್ಲೇ ನಿಂತಳು. ಅರೆಗಳಿಗೆ ಹಾಗೇ ತೂಗಿ, ಪಕ್ಕಕ್ಕೆ ಕುಸಿದು, ಒಂದು ಕಾಲು ನೀಡಿಕೊಂಡು ಚಾಪೆಯ ಮೇಲೆ ಬಿದ್ದಳು. ಈ ಸಲ ಎಡ ಮೊಣಕಾಲೂ ಪೂರ್ತಿ ಕೆಳಗೆ ಬರಲಿಲ್ಲ. ಅದನ್ನು ನಾನೂ ಆಗಲೇ ಮೊದಲು ನೋಡಿದ್ದು. ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಅವಳ ಮುಂದೆ ಮೊಣಕಾಲೂರಿ ಕಾಲನ್ನು ಹೊರಕ್ಕೆ ಒಳಕ್ಕೆ ತಿರುಗಿಸಿ ನೋಡಿದರು. ಅವಳು ಕೂಗಿಕೊಂಡಳು. ಅವರು ಮೇಜಿಗೆ ಹೋಗಿ ಎಂಆರ್‌ಐ ಬರೆದರು.

ಬಲಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ತಲೆ ರಕ್ತವಿಲ್ಲದೆ ಸತ್ತು, ಕುಸಿಯುವುದಕ್ಕೂ ಶುರುವಾಗಿತ್ತು. ಎಡಗಡೆಯದು ಸಾಯಲು ಆರಂಭಿಸಿತ್ತು, ಕುಸಿದಿರಲಿಲ್ಲ. ಮೂಳೆ ಸಾಯುವುದು ಮೊದಮೊದಲು ಎಕ್ಸ್‌ರೇಗೆ ಕಾಣುವುದಿಲ್ಲವಂತೆ. ಕಾಣುವ ಹೊತ್ತಿಗೆ ತಡವಾಗಿರುತ್ತದಂತೆ. ಈ "ಅಂತೆ"ಗಳೆಲ್ಲ ನಮಗೆ ತಿಳಿಯುವುದು ಯಾವಾಗಲೂ ಕೊನೆಯಲ್ಲಿ.

ಎಡಗಾಲನ್ನು ಉಳಿಸಿಕೊಳ್ಳಬೇಕಿತ್ತು. ಅಹಮದಾಬಾದಿಗೆ ಹೋದೆವು. ಅಲ್ಲಿಯ ಬೋಪಾಲ್ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ ಪರಿಚಯದ ಕನ್ನಡದ ಹುಡುಗರು ಬಾಡಿಗೆಗಿದ್ದರು. ಊರಿಗೆ ಹೊರಟಿದ್ದವರು ಫ್ಲ್ಯಾಟಿನ ಕೀಲಿ ನಮಗೆ ಕೊಟ್ಟು ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ವಂಶವಾಹಿಗಳ ಪರೀಕ್ಷೆ ಮಾಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು. ನಮ್ಮ ಮೂವರ ರಕ್ತವನ್ನೂ ತೆಗೆದುಕೊಂಡರು. ನಮ್ಮನ್ನು ಕೂರಿಸಿ, ಅವಸರ ಮಾಡದೆ, ಮಗಳ ಮುಖ ನೋಡಿಯೇ ಮಾತಾಡಿದ ಮೊದಲ ಡಾಕ್ಟರು ಅವರು.

ಮಗಳಲ್ಲಿ ಇನ್ನೊಂದು ಗುಣವೂ ಇತ್ತಂತೆ, ಇವರ ಕಡೆಯಿಂದ ಬಂದದ್ದು. ಆಲ್ಫಾ ಥಲಸ್ಸೀಮಿಯಾ ಎಂದರು, ನನ್ನದಕ್ಕಿಂತ ಬೇರೆಯದು. ಅದು ಇದ್ದರೆ ಸಿಕಲ್ ಕಣಗಳು ಬೇಗ ಒಡೆಯುವುದಿಲ್ಲ, ಹಾಗಾಗಿ ರಕ್ತ ಚೆನ್ನಾಗಿ ಉಳಿಯುತ್ತದೆ.

"ಒಳ್ಳೆಯದೇ ಅಲ್ವಾ?" ಎಂದೆ.

"ರಕ್ತಕ್ಕೆ ಒಳ್ಳೆಯದು. ಆದರೆ ಕಣಗಳು ಹೆಚ್ಚು ಉಳಿದರೆ ರಕ್ತ ಮಂದವಾಗುತ್ತದೆ. ಸೊಂಟದ ಕೀಲಿನಂಥ ಕಡೆ, ಸಣ್ಣ ನಾಳಗಳಲ್ಲಿ, ಹರಿಯಲು ಕಷ್ಟ. ಈ ಗುಣ ಇದ್ದವರಲ್ಲಿ ಮೂಳೆ ಸಾಯುವುದು ಹೆಚ್ಚು ಕಾಣುತ್ತದೆ. ಎಲ್ಲರಿಗೂ ಆಗುತ್ತದೆಂದಲ್ಲ. ಆದರೆ ಇಂಥವರ ಸೊಂಟದ ಮೇಲೆ ಕಣ್ಣಿಟ್ಟಿರಬೇಕು."

"ಹಾಗಾದರೆ ವರದಿ ಚೆನ್ನಾಗಿದೆ ಅಂದದ್ದು..."

"ವರದಿ ನಿಜವಾಗಿಯೂ ಚೆನ್ನಾಗಿತ್ತು. ಅದು ಚೆನ್ನಾಗಿದ್ದುದರ ಕಾರಣವೇ ಸೊಂಟಕ್ಕೆ ಅಪಾಯವೂ ಆಗಿತ್ತು. ಮೈಲ್ಡ್ ಎನ್ನುವುದು ಇಡೀ ಮನುಷ್ಯನಿಗೆ ಹೇಳುವ ಮಾತಲ್ಲ. ಒಂದು ಗುಣ ಒಂದು ಅಂಗವನ್ನು ಕಾಯುತ್ತದೆ, ಇನ್ನೊಂದನ್ನು ಬಿಟ್ಟುಕೊಡುತ್ತದೆ."

"ಇದು ಈಗ ಹೊಸದಾಗಿ ಗೊತ್ತಾದದ್ದೇ?"

ಆಕೆ ನನ್ನನ್ನೇ ನೋಡಿದರು. ಸುಳ್ಳು ಹೇಳಬಹುದಿತ್ತು. "ಇಲ್ಲ. ತುಂಬಾ ಹಿಂದಿನಿಂದ ಗೊತ್ತಿದೆ" ಎಂದರು.

ಗೊತ್ತಿತ್ತು! ಗೊತ್ತಿಲ್ಲದೆ ಆದದ್ದಾಗಿದ್ದರೆ ನಾನು ದೇವರನ್ನೋ ಹಣೆಬರಹವನ್ನೋ ಬೈದು ಸುಮ್ಮನಾಗುತ್ತಿದ್ದೆ. ಪುಸ್ತಕದಲ್ಲಿತ್ತು, ಡಾಕ್ಟರುಗಳ ಸಭೆಗಳಲ್ಲಿ ಇತ್ತು, ಆದರೆ ಅದು ನನ್ನ ಮಗಳ ಸೊಂಟದ ತನಕ ಬರಲಿಲ್ಲ. ಒಂಬತ್ತು ವರ್ಷ ನಗುತ್ತಾ "ಅದೃಷ್ಟವಂತೆ" ಎಂದವರು ಒಂದು ದಿನ, ಒಂದೇ ಒಂದು ದಿನ, "ಕಾಲು ಮಡಚುತ್ತಾ ಮಗಳೇ?" ಎಂದು ಕೇಳಿದ್ದರೆ ಸಾಕಿತ್ತು. ನಾನು ಆ ಕೋಣೆಯಲ್ಲಿ ಅಳಲಿಲ್ಲ. ಬೋಪಾಲಿನ ಆ ಫ್ಲ್ಯಾಟಿಗೆ ಬಂದು, ಅಡುಗೆಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಸಿಂಕಿಗೆ ಹಾಕಿ ದಡಬಡ ತಿಕ್ಕಿದೆ, ತೊಳೆದಿದ್ದವನ್ನೂ.

ಇವರು ಬಾಗಿಲ ಬಳಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು: "ನನ್ನ ದೊಡ್ಡಪ್ಪ ಕುಂಟುತ್ತಿದ್ದರು. ತಾಳೆಮರದಿಂದ ಬಿದ್ದರು ಅಂತ ಹೇಳುತ್ತಿದ್ದರು. ಅವರು ಮರ ಹತ್ತಿದ್ದನ್ನು ನಾನು ನೋಡೇ ಇಲ್ಲ. ನಮ್ಮೂರಲ್ಲಿ ಹಾಗೆ ಕುಂಟುವವರು ಇನ್ನೂ ಇದ್ದಾರೆ. ಒಬ್ಬರು ಮರದಿಂದ ಬಿದ್ದವರು, ಒಬ್ಬರು ಎತ್ತಿನಿಂದ ಒದೆಸಿಕೊಂಡವರು. ಎಲ್ಲರೂ ಸಿಕಲ್‌ನವರೇ. ಎಲ್ಲರಿಗೂ ಡಾಕ್ಟರು ಹೇಳಿದ್ದು ಅದೇ, ಈ ಕಡೆಯ ಸಿಕಲ್ ಏನೂ ಮಾಡುವುದಿಲ್ಲ ಅಂತ."

ಅವರ ಮೆಲುದನಿಯ ಮೇಲೆ ನನಗಿದ್ದ ಸಿಟ್ಟು ಆವತ್ತು ಹೋಯಿತು. ಒಂದು ಇಡೀ ಊರಿನ ಕುಂಟುತನಕ್ಕೆ ಮರವನ್ನೂ ಎತ್ತನ್ನೂ ಹೊಣೆ ಮಾಡಿ ಕೈ ತೊಳೆದುಕೊಂಡವರ ಎದುರು ಮೆಲ್ಲಗೆ ಮಾತಾಡಿಯೇ ಬದುಕಬೇಕಾಗಿ ಬಂದ ಜನರ ಮಗ ಅವರು. ಗಟ್ಟಿಯಾಗಿ ಮಾತಾಡುವ ಕೆಲಸ ನನ್ನದು ಎಂದುಕೊಂಡೆ.

ಎಡಸೊಂಟದ ಮೂಳೆಗೆ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸಿದರು. ಅದು ಇವತ್ತಿನವರೆಗೆ ನಿಂತಿದೆ. ಬಲಸೊಂಟ ಉಳಿಯಲಿಲ್ಲ. ಅದನ್ನು ಒಂದು ದಿನ ಬದಲಾಯಿಸಬೇಕು. ಇಷ್ಟು ಚಿಕ್ಕ ವಯಸ್ಸಿಗೆ ಬೇಡ, ಆದಷ್ಟು ಮುಂದಕ್ಕೆ ತಳ್ಳೋಣ ಎಂದರು. ಅಲ್ಲಿಯ ತನಕ ಊರುಗೋಲು. ಮಾತ್ರೆಯೂ ಬದಲಾಯಿತು. ಸೂರತ್ತಿನ ಡಾಕ್ಟರು ಈಗ ತಮ್ಮಲ್ಲಿಗೆ ಬರುವ ಮಕ್ಕಳನ್ನು ಕಾಲು ಮಡಚಿ ಕೂರಲು ಹೇಳುತ್ತಾರಂತೆ, ಕೋಣೆಯಲ್ಲಿ ಒಂದು ಚಾಪೆ ಇಟ್ಟಿದ್ದಾರಂತೆ. ಒಳ್ಳೆಯದು. ನನ್ನ ಮಗಳ ಬಲಗಾಲು ಕೊಟ್ಟು ಕೊಂಡ ಚಾಪೆ ಅದು, ಚೆನ್ನಾಗಿ ಬಳಸಲಿ.

ಅಪ್ಪಯ್ಯನದು ಉಳಿದಿತ್ತು. ನನ್ನ ಕಡೆಯ ನೆಂಟರೂ ಪರೀಕ್ಷೆ ಮಾಡಿಸಿಕೊಳ್ಳಲಿ, ಮದುವೆಯಾಗುವ ಮಕ್ಕಳಿದ್ದಾರೆ ಎಂದು ಅಹಮದಾಬಾದಿನ ಡಾಕ್ಟರಮ್ಮ ಹೇಳಿದ್ದರು. ಎಲ್ಲರೂ ಅಪ್ಪಯ್ಯನ ಮುಖ ನೋಡುತ್ತಿದ್ದರು. ಅಪ್ಪಯ್ಯ ಹೂಂ ಅನ್ನಲಿಲ್ಲ.

"ನಿನ್ನ ಅಮ್ಮನ ಕಡೆಯದ್ದಿರ್ಬೇಕು. ಅವಳೇ ಬಿಳಿಚಿಕೊಂಡಿದ್ದದ್ದು. ನಂಗೆ ಈ ವಯಸ್ಸಲ್ಲಿ ಎಂಥ ಪರೀಕ್ಷೆ, ಎಂಥ ಮದುವೆ?"

ಸತ್ತವಳ ಮೇಲೆ ಹೊರಿಸುವುದು ಸುಲಭ. ನಾನು ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಹೇಳಿದೆ. ದೋಸೆ ಹುಯ್ಯುತ್ತಿದ್ದವರು ಕೈ ನಿಲ್ಲಿಸಿದರು, ಕಲ್ಲಿನ ಮೇಲಿದ್ದದ್ದು ಸೀದುಹೋಯಿತು. ಅಪ್ಪಯ್ಯ ಜಗ್ಗಲಿಲ್ಲ. ಕೊನೆಗೆ ಮಗಳು ಊರುಗೋಲು ಊರುತ್ತಾ ಬಂದು ಅವರ ಪಕ್ಕ ನಿಂತು, "ಅಜ್ಜ, ಒಂದ್ ಸೂಯಿ ಅಷ್ಟೇ. ನಂಗೆ ಕಿತ್ನಾ ಚುಚ್ಚಿದ್ದಾರೆ ಗೊತ್ತಾ?" ಎಂದಳು. ಅವಳ ಅರೆಬರೆ ಕನ್ನಡಕ್ಕೆ ಅಪ್ಪಯ್ಯ ಯಾವಾಗಲೂ ಬೈಯುತ್ತಿದ್ದರು. ಆವತ್ತು ಬೈಯಲಿಲ್ಲ. ಅಂಗಿಯ ತೋಳು ಮಡಚಿಕೊಂಡು ನಡೆದರು.

ವರದಿ ಬಂದಾಗ ನಾನೇ ಓದಿ ಹೇಳಿದೆ. ಗುಣ ಅಪ್ಪಯ್ಯನದೇ. ಗಂಡಸಿನ ರಕ್ತ ಕಮ್ಮಿಯೋ ಹೆಚ್ಚೋ ಎಂದು ಇಷ್ಟು ವರ್ಷ ಯಾರೂ ನೋಡಿರಲಿಲ್ಲ, ಅಷ್ಟೇ. ಅವರು ಗಲ್ಲಾದ ಹಿಂದೆ ಹೋಗಿ ಕೂತರು. ಗಿರಾಕಿಯೊಬ್ಬ ಸಾಂಬಾರಿಗೆ ಬೆಲ್ಲ ಕೇಳಿದ. ಮುಖ ಸಿಂಡರಿಸದೆ ಕೊಡಿಸಿದರು.

ಕಳೆದ ಚೌತಿಗೆ ಮಗಳು ವಡೋದರಾದಿಂದ ಬಂದಿದ್ದಳು. ಈಗ ಅಲ್ಲೇ ಕಾಲೇಜು, ಹಾಸ್ಟೆಲು. ಊರಿನಿಂದ ಅಪ್ಪಯ್ಯನ ತಂಗಿ, ನನ್ನ ಸಣ್ಣತ್ತೆಯೂ ಬಂದಿದ್ದರು. ಅಡುಗೆಯಾದ ಮೇಲೆ ನಾನು ಚಾಪೆ ತರಲು ಹೋದರೆ ಅಪ್ಪಯ್ಯ ತಡೆದರು. "ಅದು ಬೇಡ. ಎಲ್ಲರೂ ಮೇಲೆಯೇ ಕೂರುವ" ಎಂದರು. ಹೋಟೆಲಿಗೆ ಮಧ್ಯಾಹ್ನ ರಜೆ ಕೊಟ್ಟು, ಅಲ್ಲಿನ ಮೇಜುಗಳನ್ನು ಜೋಡಿಸಿಟ್ಟು, ಅದರ ಮೇಲೆ ತಾವೇ ಎಲೆ ಹಾಕಿದ್ದರು. ಸಣ್ಣತ್ತೆ ಗಲ್ಲಕ್ಕೆ ಕೈ ಇಟ್ಟುಕೊಂಡರು.

"ಎಂಥ ಅಣ್ಣ, ಎಲೆಗೆ ಕುರ್ಚಿ?"

"ಹೌದು. ಮಗುವಿನ ಸೊಂಟ ಕೆಟ್ಟದ್ದರಲ್ಲಿ ನನ್ನ ರಕ್ತವೂ ಉಂಟು. ನಿಂದೂ ನೋಡಿಸ್ಕೋ, ನಿನ್ನ ಮೊಮ್ಮಕ್ಕಳದ್ದೂ. ಈಗ ಕೂತ್ಕೋ" ಎಂದರು ಅಪ್ಪಯ್ಯ.

ಅವರ ಮೇಲಿನ ಸಿಟ್ಟು ನನಗೆ ಪೂರ್ತಿ ಹೋಗಿಲ್ಲ. ಆದರೆ ಆವತ್ತು ಅವರು ಪಾಯಸ ಎರಡು ಸಲ ಹಾಕಿಸಿಕೊಂಡದ್ದನ್ನು ನೋಡಿ ನನಗೂ ಊಟ ಸೇರಿತು.

ಉಂಡಾದ ಮೇಲೆ ಸಣ್ಣತ್ತೆ ಪಕ್ಕದ ಕುರ್ಚಿಯಲ್ಲಿದ್ದ ಮಗಳನ್ನು ಮೇಲಿಂದ ಕೆಳಗೆ ನೋಡಿದರು. ಬೆನ್ನು ಸವರುತ್ತಾ ಪ್ರೀತಿಯಿಂದಲೇ ಹೇಳಿದರು: "ನೋಡಿದ್ರೆ ಎಂಥದ್ದೂ ಕಾಣುದೇ ಇಲ್ಲ ಮಾರಾಯ್ತಿ. ಎಷ್ಟು ಲಕ್ಷಣವಾಗಿ ಇದ್ದಾಳೆ. ಏನೋ ಸ್ವಲ್ಪ ಮೈಲ್ಡ್ ಆಗಿ ಇರುದಿರ್ಬೇಕು, ಅಲ್ವಾ?"

ನಾನು ಬಾಯಿ ತೆರೆದೆ. ನನಗಿಂತ ಮೊದಲೇ ಮಗಳು ಎದ್ದಳು. ಮೇಜಿಗೆ ಒರಗಿಸಿಟ್ಟಿದ್ದ ಊರುಗೋಲನ್ನು ಎಡಗೈಯಲ್ಲಿ ತೆಗೆದು ಸಣ್ಣತ್ತೆಯ ಮಡಿಲಲ್ಲಿ ಇಟ್ಟಳು.

"ಅಜ್ಜಿ, ಇದು ಸ್ವಲ್ಪ ಹಿಡ್ಕೊಳ್ಳಿ. ನಾನು ಕೈ ತೊಳೆದು ಬರ್ತೀನಿ."

ಕೈ ತೊಳೆಯುವ ಜಾಗ ಹೋಟೆಲಿನ ಆ ತುದಿಯಲ್ಲಿತ್ತು. ಅವಳು ಒಂದೊಂದೇ ಮೇಜನ್ನು ಹಿಡಿಯುತ್ತಾ, ಬಲಗಾಲನ್ನು ಎಳೆದುಕೊಂಡು, ಇಡೀ ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ನಡೆದಳು. ಅವಳು ಅವಸರ ಮಾಡಲಿಲ್ಲ. ಎಲ್ಲರೂ ಪೂರ್ತಿ ನೋಡಲಿ ಎಂದೇ ನಿಧಾನವಾಗಿ ಹೋದಳು. ಆ ಸಿಟ್ಟು ಯಾರ ಕಡೆಯಿಂದ ಬಂದದ್ದೆಂದು ಹೇಳಲು ಯಾವ ಲ್ಯಾಬೂ ಬೇಕಾಗಿರಲಿಲ್ಲ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಅವಳು ಅದೇ ದಾರಿಯಲ್ಲಿ ಮರಳಿ ಬರುವ ತನಕ ಸಣ್ಣತ್ತೆ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದರು.